ಚರ್ಮದ ಮೇಲೆ ನಾಲ್ಕು ಕ್ವಿಂಟಾಲ್ ಗಾಳಿ

ಚನ್ನಗಿರಿಯ ಅಡಿಕೆ ತೋಟದಲ್ಲಿ ಹಾಳೆ ಬಿದ್ದ ಸದ್ದಿಗೆ ಯಾರೂ ತಿರುಗಿ ನೋಡುವುದಿಲ್ಲ. ಅದು ದಿನನಿತ್ಯದ ಸದ್ದು. ಹಿಂದೆ ಆ ಹಾಳೆ ಮಕ್ಕಳು ಒಬ್ಬರನ್ನೊಬ್ಬರು ಕೂರಿಸಿಕೊಂಡು ಎಳೆದಾಡುವ ಗಾಡಿಯಾಗುತ್ತಿತ್ತು, ಇಲ್ಲವೆ ಬಚ್ಚಲ ಒಲೆಗೆ ಉರಿಯಾಗುತ್ತಿತ್ತು. ಈಗ ಊಟದ ತಟ್ಟೆಯೂ ಆಗುತ್ತದೆ. ಹಾಳೆಯನ್ನು ನೀರಿನಲ್ಲಿ ನೆನೆಸಿ, ತೊಳೆದು, ಬಿಸಿಯಾದ ಎರಡು ಲೋಹದ ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ಮುಗಿಯಿತು. ಅಂಟಿಲ್ಲ, ಮೊಳೆಯಿಲ್ಲ. ಆದರೂ ತಟ್ಟೆ ಮತ್ತೆ ಹಾಳೆಯಾಗಿ ಬಿಚ್ಚಿಕೊಳ್ಳುವುದಿಲ್ಲ. ಏಕೆ?

ಹಾಳೆ ಎಂದರೆ ನಾರಿನ ಹೆಣಿಗೆ. ನೀರು ಕುಡಿದಾಗ ನಾರುಗಳು ಸಡಿಲಗೊಂಡು ಒಂದರ ಪಕ್ಕ ಒಂದು ಸ್ವಲ್ಪ ಜಾರಬಲ್ಲವು. ಆಗ ಒತ್ತಿದರೆ ಒತ್ತಿದ ಆಕಾರಕ್ಕೆ ಬರುತ್ತವೆ. ಅದೇ ಸ್ಥಿತಿಯಲ್ಲಿ ನೀರು ಆರಿಹೋದರೆ ಹೊಸ ಜಾಗದಲ್ಲೇ ಬಿಗಿದುಕೊಳ್ಳುತ್ತವೆ. ನೆನೆಸು, ಒತ್ತು, ಒಣಗಿಸು - ಇಷ್ಟೇ ಸೂತ್ರ. ಇದೇ ಸೂತ್ರದಿಂದ ಚರ್ಮಕಾರರು ಪಿಸ್ತೂಲಿನ ಒರೆಯನ್ನು ಮಾಡುತ್ತಾರೆ. ಅಲ್ಲಿ ಒತ್ತುವ ಕೆಲಸವನ್ನು ಕೆಲವು ಕಾರ್ಯಾಗಾರಗಳಲ್ಲಿ ಲೋಹದ ಅಚ್ಚು ಮಾಡುವುದಿಲ್ಲ. ನಮ್ಮೆಲ್ಲರ ತಲೆಯ ಮೇಲಿರುವ ಗಾಳಿಯೇ ಮಾಡುತ್ತದೆ! ಆ ಯಂತ್ರದ ಹೆಸರು ವ್ಯಾಕ್ಯೂಮ್ ಪ್ರೆಸ್, ಅಂದರೆ ನಿರ್ವಾತ ಒತ್ತುಯಂತ್ರ.

ಒರೆ ಬರೀ ಚೀಲವಲ್ಲ

ಜಾತ್ರೆಯ ಬಂದೋಬಸ್ತಿಗೆ ಬಂದ ಪೊಲೀಸ್ ಅಧಿಕಾರಿಯ ಸೊಂಟದಲ್ಲಿ ಒರೆಯನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಅವರ ಕಣ್ಣು ಪಿಸ್ತೂಲಿನ ಮೇಲಿರುತ್ತದೆಯೇ ಹೊರತು ಒರೆಯ ಮೇಲಲ್ಲ. ಆದರೆ ಅಧಿಕಾರಿಯ ಕಾಲು, ಪಕ್ಕದಲ್ಲಿ ನಿಂತವರ ಜೀವ ಎರಡೂ ಆ ಒರೆಯನ್ನು ನಂಬಿಕೊಂಡಿವೆ.

ಒಳ್ಳೆಯ ಒರೆಗೆ ಮೂರು ಕೆಲಸ. ಓಡಿದರೂ ಬಿದ್ದರೂ ಪಿಸ್ತೂಲು ಜಾರದಂತೆ ಹಿಡಿಯಬೇಕು. ಕುದುರೆಗೆ, ಅಂದರೆ ಟ್ರಿಗರ್‌ಗೆ, ಏನೂ ತಗುಲದಂತೆ ಪೂರ್ತಿ ಮುಚ್ಚಬೇಕು. ಬೇಕಾದಾಗ ಒಂದೇ ಎಳೆತಕ್ಕೆ ಬಿಡಬೇಕು. ಹಿಡಿಯುವುದೂ ಬಿಡುವುದೂ ಒಂದಕ್ಕೊಂದು ವಿರುದ್ಧವಾದ ಕೆಲಸಗಳು. ಎರಡನ್ನೂ ಸಾಧಿಸುವುದು ಚರ್ಮದ ಆಕಾರ. ಪಿಸ್ತೂಲಿನ ಉಬ್ಬು ತಗ್ಗುಗಳು ಚರ್ಮದಲ್ಲಿ ಸರಿಯಾಗಿ ಮೂಡಿದ್ದರೆ ಅದು ತನ್ನ ಜಾಗದಲ್ಲಿ 'ಟಕ್' ಎಂದು ಕೂರುತ್ತದೆ. ಚರ್ಮ ಹಳತಾಗಿ ಜೋಲುಬಿದ್ದಿದ್ದರೆ ಪಿಸ್ತೂಲನ್ನು ಒಳಗೆ ತಳ್ಳುವಾಗ ಬಾಯಿಯ ಅಂಚು ಮಡಿಚಿ ಟ್ರಿಗರ್ ಸಂದಿಗೆ ಸಿಕ್ಕಿಕೊಳ್ಳಬಹುದು. ಆಗ ಯಾರ ಬೆರಳೂ ತಾಗದೆ ಗುಂಡು ಹಾರುವ ಅಪಾಯವಿದೆ. ಒರೆಯ ಬಿಗಿ ಅಂದಕ್ಕಾಗಿ ಇರುವುದಲ್ಲ.

ಹಿಂದಿನಿಂದ ಬಂದ ಪದ್ಧತಿಯಲ್ಲಿ ಈ ಆಕಾರ ಮೂಡಿಸುವುದು ಕೈ ಬೆರಳುಗಳೇ. ಒದ್ದೆ ಚರ್ಮದೊಳಗೆ ಪಿಸ್ತೂಲಿನ ಅಳತೆಯ ಅಚ್ಚನ್ನು ಇಟ್ಟು, ಹೆಬ್ಬೆರಳಿನಿಂದ ಒತ್ತಿ ಒತ್ತಿ, ಮೂಳೆ ಅಥವಾ ಕೊಂಬಿನ ನುಣುಪು ತುಂಡಿನಿಂದ ಗೆರೆ ತಿದ್ದಬೇಕು. ಸುಮಾರು 3 ಮಿಲಿಮೀಟರ್ ದಪ್ಪದ ಚರ್ಮ ಸುಲಭವಾಗಿ ಬಗ್ಗುವುದಿಲ್ಲ. ದಿನಕ್ಕೆ ಹತ್ತು ಒರೆ ಮಾಡಿದವನ ಹೆಬ್ಬೆರಳು ರಾತ್ರಿ ತುತ್ತು ಎತ್ತಲೂ ನೋಯುತ್ತದೆ. ಈ ನೋವನ್ನು ತಪ್ಪಿಸಲು ಬಂದದ್ದೇ ನಿರ್ವಾತದ ಉಪಾಯ.

ಎಳೆಯುವುದಲ್ಲ, ತಳ್ಳುವುದು

ಯಂತ್ರ ಬಹಳ ಸರಳ. ಗಟ್ಟಿ ಹಲಗೆಯ ಮೇಲೆ ಒದ್ದೆ ಚರ್ಮ, ಅದರೊಳಗೆ ಅಚ್ಚು. ಮೇಲೆ ರಬ್ಬರ್ ಹಾಳೆ. ಅಂಚುಗಳಲ್ಲಿ ಗಾಳಿ ನುಸುಳದಂತೆ ಚೌಕಟ್ಟಿನ ಬಿಗಿತ. ಹಲಗೆಯ ಕೆಳಗಿನ ತೂತಿಗೆ ಕೊಳವೆ, ಕೊಳವೆಯ ತುದಿಗೆ ಪಂಪು. ಪಂಪು ಓಡಿದ ಕ್ಷಣಗಳಲ್ಲೇ ರಬ್ಬರ್ ಹಾಳೆ ಚರ್ಮವನ್ನು ತಬ್ಬಿಕೊಂಡು, ಚರ್ಮ ಅಚ್ಚನ್ನು ತಬ್ಬಿಕೊಳ್ಳುತ್ತದೆ.

ನೋಡಿದವರು "ಪಂಪು ಎಷ್ಟು ಚೆನ್ನಾಗಿ ಎಳೆಯುತ್ತದೆ" ಎನ್ನುತ್ತಾರೆ. ತಪ್ಪು ಅಲ್ಲೇ ಇದೆ. ಪಂಪು ಚರ್ಮವನ್ನು ಎಳೆಯುವುದಿಲ್ಲ. ಒಳಗಿನ ಗಾಳಿಯನ್ನು ಹೊರಹಾಕುತ್ತದೆ, ಅಷ್ಟೆ. ಹೊರಗಿನ ಗಾಳಿಗೆ ಎದುರು ನಿಲ್ಲುವವರು ಒಳಗೆ ಯಾರೂ ಇಲ್ಲದಾಗ ಅದೇ ತಳ್ಳಿಕೊಂಡು ಬರುತ್ತದೆ.

ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದ ರೈತರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತು. ದಡದ ಮೇಲಿಟ್ಟ ಪಂಪು ನೀರಿನ ಮಟ್ಟದಿಂದ ಇಪ್ಪತ್ತು ಇಪ್ಪತ್ತೈದು ಅಡಿಗಿಂತ ಮೇಲಿದ್ದರೆ ನೀರು ಹತ್ತುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಂತೆ ಪಂಪನ್ನೂ ಕೆಳಗಿಳಿಸುತ್ತಾರೆ. ಎಷ್ಟು ಅಶ್ವಶಕ್ತಿಯ ಮೋಟಾರು ತಂದರೂ ಈ ಮಿತಿ ಮೀರಲಾಗದು. ಏಕೆಂದರೆ ಕೊಳವೆಯಲ್ಲಿ ನೀರನ್ನು ಮೇಲಕ್ಕೆ ತಳ್ಳುವುದು ಹೊಳೆಯ ಮೇಲಿನ ಗಾಳಿಯ ಭಾರ. ಸಮುದ್ರ ಮಟ್ಟದಲ್ಲಿ ಅದು ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಮಾತ್ರ ಹೊರಬಲ್ಲದು. ಸೋರಿಕೆ, ತಿಕ್ಕಾಟಗಳಿಂದ ನಿಜ ಬಳಕೆಯಲ್ಲಿ ಇನ್ನೂ ಕಡಿಮೆ. ಇಟಲಿಯ ಟಾರಿಚೆಲ್ಲಿ 1643ರಲ್ಲಿ ನೀರಿನ ಬದಲು ಪಾದರಸ ಬಳಸಿ ಈ ಭಾರವನ್ನು ಅಳೆದು ತೋರಿಸಿದ.

ಹಾಗಾದರೆ ಮಳೆ ಕಡಿಮೆಯ ಜಗಳೂರಿನಲ್ಲಿ ನೂರಾರು ಅಡಿ ಆಳದ ಕೊಳವೆಬಾವಿಯಿಂದ ನೀರು ಬರುವುದು ಹೇಗೆ? ಅಲ್ಲಿ ಪಂಪು ಮೇಲಿಲ್ಲ. ಬಾವಿಯೊಳಗೆ ನೀರಿನಲ್ಲೇ ಮುಳುಗಿ ಕುಳಿತು ಕೆಳಗಿನಿಂದ ತಳ್ಳುತ್ತದೆ. ಮೇಲೆ ಕುಳಿತು ಎಳೆಯುವ ಆಟ ಅಷ್ಟು ಆಳಕ್ಕೆ ನಡೆಯುವುದಿಲ್ಲ.

ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿಯ ಕಡೆಯಾಗಲಿ, ಬೇರೆಲ್ಲೇ ಆಗಲಿ, ಹಾಲು ಕರೆಯುವ ಯಂತ್ರವಿರುವ ಕೊಟ್ಟಿಗೆಯಲ್ಲಿ ನಿರ್ವಾತದ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಗಾಳಿಯ ಒತ್ತಡವನ್ನು ಸುಮಾರು ಅರ್ಧದಷ್ಟು ಮಾತ್ರ ಇಳಿಸುತ್ತಾರೆ. ಹೆಚ್ಚಾದರೆ ಹಸುವಿನ ಕೆಚ್ಚಲಿಗೆ ನೋವು. ಒರೆಯ ಯಂತ್ರದಲ್ಲಿ ನೋಯುವ ಜೀವವಿಲ್ಲವಾದ್ದರಿಂದ ಇನ್ನೂ ಹೆಚ್ಚು ಗಾಳಿ ತೆಗೆಯಬಹುದು.

ಲೆಕ್ಕ ಹಾಕಿ ನೋಡಿ

ಹತ್ತನೇ ತರಗತಿಯ ವಿದ್ಯಾರ್ಥಿ ಮಾಡಬಹುದಾದ ಲೆಕ್ಕವಿದು. ಒರೆಗೆ ಕತ್ತರಿಸಿದ ಚರ್ಮ 25 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ ಎನ್ನಿ. ವಿಸ್ತೀರ್ಣ 500 ಚದರ ಸೆಂಟಿಮೀಟರ್. ದಾವಣಗೆರೆ ಸೀಮೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೆ ಗಾಳಿಯ ಭಾರ ಒಂದು ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆ, ಸುಮಾರು 0.96 ಕಿಲೋ. ಪಂಪು ಒಳಗಿನ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಹೊರಹಾಕಿತು ಎನ್ನೋಣ. ಆಗ ಉಳಿಯುವ ಒತ್ತು ಸುಮಾರು 0.77 ಕಿಲೋ. 500ರಿಂದ ಗುಣಿಸಿ: 385 ಕಿಲೋ. ಹತ್ತಿರ ಹತ್ತಿರ ನಾಲ್ಕು ಕ್ವಿಂಟಾಲ್! 50 ಕಿಲೋ ತೂಗುವ ಎಂಟು ಮೂಟೆ ಮೆಕ್ಕೆಜೋಳವನ್ನು ಒಂದು ಪಿಸ್ತೂಲಿನ ಒರೆಯ ಮೇಲೆ ಪೇರಿಸಿದಂತೆ.

ಮೂಟೆಗಳಿಗೂ ಗಾಳಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಮೂಟೆ ಎತ್ತರದ ಜಾಗವನ್ನಷ್ಟೇ ಒತ್ತುತ್ತದೆ, ತಗ್ಗಿಗೆ ಇಳಿಯುವುದಿಲ್ಲ. ಗಾಳಿ ಎಲ್ಲ ಕಡೆಯಿಂದ ಸಮನಾಗಿ ಒತ್ತುತ್ತದೆ. ಹಾಳೆ ತಟ್ಟೆಗೆ ಮೇಲೊಂದು ಕೆಳಗೊಂದು ಎರಡು ಅಚ್ಚು ಬೇಕು. ತಟ್ಟೆಯ ಅಳತೆ ಬದಲಾದರೆ ಎರಡನ್ನೂ ಬದಲಿಸಬೇಕು. ಗಾಳಿಯ ಯಂತ್ರಕ್ಕೆ ಒಳಗಿನ ಅಚ್ಚು ಒಂದು ಸಾಕು. ಮೇಲಿನ ಅಚ್ಚನ್ನು ಗಾಳಿ ತಾನೇ ಆಗಿಕೊಳ್ಳುತ್ತದೆ. ಸಣ್ಣ ಕಾರ್ಯಾಗಾರಕ್ಕೆ ಇದರಿಂದಾಗುವ ಉಳಿತಾಯ ಸಾಮಾನ್ಯವಲ್ಲ.

ಜರ್ಮನಿಯ ಮಾಗ್ಡೆಬರ್ಗ್ ನಗರದ ಆಟೋ ಫಾನ್ ಗೆರಿಕೆ 1650ರ ದಶಕದಲ್ಲಿ ಎರಡು ಲೋಹದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆಗಳ ತಂಡ ಕಟ್ಟಿ ಎಳೆಸಿದ ಕಥೆ ಪಠ್ಯಪುಸ್ತಕಗಳಲ್ಲಿದೆ. ಹದಿನಾರು ಕುದುರೆಗಳು ಬೇರ್ಪಡಿಸಲಾಗದ ಆ ಶಕ್ತಿಯೇ ಇಲ್ಲಿ ಒರೆ ಹೊಲಿಯುವವನ ಹೆಬ್ಬೆರಳಿಗೆ ಬಿಡುವು ಕೊಟ್ಟಿದೆ.

ತಂಗಡಿ ತೊಗಟೆಯ ಗುಟ್ಟು

ಯಾವ ಚರ್ಮವಾದರೂ ಹೀಗೆ ಆಕಾರ ಹಿಡಿಯುತ್ತದೆಯೇ? ಇಲ್ಲ. ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ ಮೆತ್ತಗೆ, ಪುಟಿಯುವ ಗುಣದ್ದು. ಶೂಗಳ ಮೇಲ್ಭಾಗಕ್ಕೆ, ಕೈಚೀಲಕ್ಕೆ ಚೆನ್ನ. ಒತ್ತಿ ಬಿಟ್ಟರೆ ಹಿಂದಕ್ಕೆ ಬರುತ್ತದೆ. ಒರೆಗೆ ಬೇಕಾದದ್ದು ಮರದ ತೊಗಟೆ, ಕಾಯಿಗಳ ಒಗರಿನಿಂದ ಹದಗೊಂಡ ಚರ್ಮ. ಜಗಳೂರಿನಂಥ ಬಯಲುಸೀಮೆಯಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ, ಅಂದರೆ ಆವರಿಕೆ ಗಿಡದ ತೊಗಟೆ, ಜಾಲಿಯ ತೊಗಟೆ, ಅರಳೆಕಾಯಿ - ಇವು ದಕ್ಷಿಣ ಭಾರತದ ಹದಗಾರರು ತಲೆಮಾರುಗಳಿಂದ ಬಳಸಿದ ವಸ್ತುಗಳು. ಬಾಯಿಗೆ ಹಾಕಿದರೆ ನಾಲಿಗೆ ಹಿಡಿಸುವ ಆ ಒಗರಿನ ಹೆಸರೇ ಟ್ಯಾನಿನ್. ನಾಲಿಗೆಯನ್ನು ಹಿಡಿದಂತೆ ಅದು ಚರ್ಮದ ನಾರನ್ನೂ ಹಿಡಿದು ಕೊಳೆಯದಂತೆ ಕಾಯುತ್ತದೆ.

ಆ ನಾರಿನ ಹೆಸರು ಕೊಲ್ಲಾಜೆನ್. ಅದರ ಒಳಗಿನ ರಚನೆ ಕಂಡುಹಿಡಿದವರು ನಮ್ಮವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್ ಮದರಾಸು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ, ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಮೂರು ಎಳೆಗಳು ಹುರಿಹಗ್ಗದಂತೆ ಹೆಣೆದುಕೊಂಡಿವೆ ಎಂಬುದು ಅವರ ಶೋಧದ ತಿರುಳು. ಹುರಿ ಹೊಸೆದ ಹಗ್ಗ ಒದ್ದೆಯಾದಾಗ ಒಂದು ಬಗೆ, ಒಣಗಿದಾಗ ಇನ್ನೊಂದು ಬಗೆ ಎಂಬುದು ಹಳ್ಳಿಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ.

ಕೆಲಸ ನಡೆಯುವ ಬಗೆ

ಮೊದಲು ಚರ್ಮವನ್ನು ಅಳತೆಗೆ ಕತ್ತರಿಸಿ ಹೊಲಿಯುತ್ತಾರೆ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದುತ್ತಾರೆ. ಚರ್ಮದಿಂದ ಗುಳ್ಳೆಗಳು ಏಳುತ್ತವೆ. ಅವು ಕಡಿಮೆಯಾದಾಗ ಹೊರತೆಗೆಯುತ್ತಾರೆ. ಕೂಡಲೇ ಒತ್ತುವುದಿಲ್ಲ. ಮೇಲ್ಮೈಯ ಕಡುಬಣ್ಣ ತಿಳಿಯಾಗತೊಡಗಿ, ಒಳಗೆ ಇನ್ನೂ ತೇವ ಉಳಿದಿರುವ ಹದಕ್ಕೆ ಕಾಯುತ್ತಾರೆ. ರೊಟ್ಟಿ ಹಿಟ್ಟಿನ ಹದ ಅಮ್ಮನ ಕೈಗೆ ಗೊತ್ತಾಗುವಂತೆ ಈ ಹದ ಚರ್ಮಕಾರನ ಕೈಗೆ ಗೊತ್ತಾಗುತ್ತದೆ.

ಒಳಗೆ ಇಡುವುದು ಪಿಸ್ತೂಲಲ್ಲ, ಅದೇ ಅಳತೆಯ ಪ್ಲಾಸ್ಟಿಕ್ ಅಥವಾ ಮರದ ಅಚ್ಚು. ನಿಜವಾದದ್ದು ಬೇಡವೇ ಬೇಡ. ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ಒಂದು ಕಾರಣ. ಇನ್ನೊಂದು ರಸಾಯನಶಾಸ್ತ್ರದ ಕಾರಣ. ಒಗರು ಚರ್ಮ ಒದ್ದೆಯಿದ್ದಾಗ ಕಬ್ಬಿಣ ತಗುಲಿದರೆ ಕಪ್ಪು ಕಲೆಯಾಗುತ್ತದೆ. ಹಿಂದೆ ಅರಳೆಕಾಯಿ ಮತ್ತು ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದುದು ಇದೇ ತತ್ವದ ಮೇಲೆ. ಲೆಕ್ಕದ ಕಡತಕ್ಕೆ ಬೇಕಿದ್ದ ಶಾಯಿ ಒರೆಯ ಮೇಲೆ ಬಿದ್ದರೆ ಕೆಲಸ ಕೆಟ್ಟಂತೆ.

ಚರ್ಮದ ಕೆಳಗೆ ಒರಟು ಬಟ್ಟೆ ಅಥವಾ ಜಾಲರಿ ಹಾಸುತ್ತಾರೆ, ಗಾಳಿ ಹೊರಹೋಗಲು ದಾರಿ ಇರಲೆಂದು. ಪಂಪು ಓಡಿಸಿ, ಮಾಪಕದ ಮುಳ್ಳು 22-23 ಅಂಗುಲ ಪಾದರಸ ತೋರಿಸುವವರೆಗೆ ಗಾಳಿ ತೆಗೆದು, ಹತ್ತು ಹದಿನೈದು ನಿಮಿಷ ಹಾಗೇ ಬಿಡುತ್ತಾರೆ. ಸಮುದ್ರ ತೀರದಲ್ಲಿ ಈ ಮುಳ್ಳು ಹೆಚ್ಚೆಂದರೆ 30 ಅಂಗುಲದ ಹತ್ತಿರ ಹೋಗಬಲ್ಲದು. ದಾವಣಗೆರೆಯ ಎತ್ತರದಲ್ಲಿ 28ರ ಆಸುಪಾಸಿಗೇ ನಿಲ್ಲುತ್ತದೆ. ಪಂಪು ಕೆಟ್ಟಿದೆಯೆಂದು ಬಿಚ್ಚಲು ಹೊರಡುವ ಮುನ್ನ ಭೂಗೋಳ ನೆನೆಯುವುದು ಒಳ್ಳೆಯದು!

ಫ್ರಿಜ್ ರಿಪೇರಿ ಮಾಡುವವರ ನಿರ್ವಾತ ಪಂಪಿನಿಂದಲೂ ಈ ಕೆಲಸ ಆಗುತ್ತದೆ. ಐಟಿಐಯಲ್ಲಿ ಶೈತ್ಯೀಕರಣ ಕಲಿಯುವ ವಿದ್ಯಾರ್ಥಿಗಳಿಗೆ ಅದು ಪರಿಚಿತ ಸಾಧನ. ಆದರೆ ಒದ್ದೆ ಚರ್ಮದ ತೇವ ಪಂಪಿನ ಎಣ್ಣೆಗೆ ಸೇರಿದರೆ ಪಂಪಿನ ಆಯುಸ್ಸು ಮುಗಿಯಿತು. ನಡುವೆ ನೀರು ಹಿಡಿಯುವ ಒಂದು ಗಟ್ಟಿ ಡಬ್ಬಿ ಇರಲೇಬೇಕು. ಅದು ಗಾಜಿನದಾಗಿರಬಾರದು. ಹೊರಗಿನ ಗಾಳಿ ಚರ್ಮವನ್ನು ಒತ್ತಿದಂತೆ ಗಾಜನ್ನೂ ಒತ್ತಿ ಒಳಕ್ಕೆ ಸಿಡಿಸಬಹುದು.

ಯಂತ್ರಕ್ಕೆ ಗೊತ್ತಿಲ್ಲದ್ದು

ಯಂತ್ರದಿಂದ ಹೊರಬಂದ ಒರೆ ಮುಗಿದ ಒರೆಯಲ್ಲ. ಗಾಳಿ ಎಲ್ಲವನ್ನೂ ಸಮನಾಗಿ ಒತ್ತುತ್ತದೆ; ಯಾವುದು ಮುಖ್ಯ ಎಂಬ ವಿವೇಚನೆ ಅದಕ್ಕಿಲ್ಲ. ಟ್ರಿಗರ್ ಸುತ್ತಲಿನ ತಗ್ಗು ಆಳವಾಗಿರಬೇಕು, ಹೊರಗೆ ಎಳೆಯುವಾಗ ಮುಂಗುರಿಗೆ ಚರ್ಮ ತೊಡಕಾಗದಂತೆ ಅಲ್ಲಿ ಸ್ವಲ್ಪ ಸಡಿಲವಿರಬೇಕು. ಇದನ್ನು ಕೊಂಬಿನ ತುಂಡಿನಿಂದ ಕೈಯೇ ತಿದ್ದಬೇಕು. ಆಮೇಲೆ ಅಚ್ಚನ್ನು ಮೆಲ್ಲಗೆ ತೆಗೆದು, ನೆರಳಿನಲ್ಲಿ ಒಂದೆರಡು ದಿನ ಒಣಗಿಸಬೇಕು. ಅವಸರಕ್ಕೆ ಸುಡು ಬೆಂಕಿಯ ಮುಂದೆ ಇಟ್ಟರೆ ಕೊಲ್ಲಾಜೆನ್ ಹುರಿ ಬಿಚ್ಚಿಕೊಂಡು ಚರ್ಮ ಮುದುಡಿ, ಕಡ್ಡಿಯಂತೆ ಮುರಿಯುತ್ತದೆ.

ಹದ ತಪ್ಪಿದ ಚರ್ಮವನ್ನು ನಾಲ್ಕು ಕ್ವಿಂಟಾಲ್ ಗಾಳಿಯೂ ಸರಿಪಡಿಸಲಾರದು. ಹೆಚ್ಚು ಒದ್ದೆಯಿದ್ದರೆ ಗೆರೆ ನಿಲ್ಲದು, ಕಡಿಮೆಯಿದ್ದರೆ ಬಿರುಕು. ಯಂತ್ರ ಬಲ ಕೊಡುತ್ತದೆ, ಹದ ಕೊಡುವುದಿಲ್ಲ. ಹದ ಕಲಿಯಬೇಕಾದದ್ದು ಕೈಯಿಂದ, ಕೈ ಕಲಿಯಬೇಕಾದದ್ದು ಇನ್ನೊಂದು ಕೈಯಿಂದ.

ಆ ಇನ್ನೊಂದು ಕೈ ಯಾರದು? ಇಲ್ಲಿ ತಂದೆ ತಾಯಿಗಳು ಸ್ವಲ್ಪ ನಿಲ್ಲಬೇಕು. ಬಸ್ ನಿಲ್ದಾಣದ ಮೂಲೆಯಲ್ಲಿ ಕೊಡೆಯ ಕೆಳಗೆ ರಂಪಿಗೆ, ದಬ್ಬಳ ಇಟ್ಟುಕೊಂಡು ಕುಳಿತವರಿಗೆ ಚರ್ಮದ ಹದ ಗೊತ್ತು. ಬಾವಿಗೆ ಕಪಿಲೆ ಹೂಡುತ್ತಿದ್ದ ಕಾಲದಲ್ಲಿ ಹೊಲಕ್ಕೆ ನೀರು ಬರುತ್ತಿದ್ದುದು ಅವರ ಹಿರಿಯರು ಹೊಲಿದ ತೊಗಲ ಚೀಲದಲ್ಲಿ. ಆ ಚೀಲ ಹೆಚ್ಚು ಬಾಳಿಕೆ ಬರಬೇಕೆಂದೇ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ಕ್ರೋಮ್ ಹದದ ಪ್ರಯೋಗ ನಡೆಸಿದರು. ಮುಂದೆ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರೂ ಆದರು. ಚೀಲ ಹೊಲಿದವರ ನೀರು ಊರಿಗೆಲ್ಲ ಬೇಕಿತ್ತು. ಅವರು ಮಾತ್ರ ಊರ ಹೊರಗಿರಬೇಕಿತ್ತು. ಸಮಗಾರ ಹರಳಯ್ಯನನ್ನು ಶರಣನೆಂದು ಎಂಟು ಶತಮಾನಗಳಿಂದ ಕೈಮುಗಿಯುವ ನಾಡು ಹರಳಯ್ಯನ ಕಸುಬಿಗೆ ಅದೇ ಕೈ ಮುಗಿಯಲಿಲ್ಲ.

ಇದರ ಫಲವನ್ನು ಎರಡು ಬಗೆಯ ಮನೆಗಳೂ ಉಣ್ಣುತ್ತಿವೆ. ಚರ್ಮದ ಕೆಲಸ ಬಲ್ಲ ಮನೆಯ ತಂದೆ "ಇದು ನನ್ನೊಂದಿಗೆ ಮುಗಿಯಲಿ, ಮಗನಿಗೆ ಬೇಡ" ಎನ್ನುತ್ತಾನೆ. ಅವನು ಪಟ್ಟ ಅವಮಾನ ಬಲ್ಲವರು ಅದನ್ನು ತಪ್ಪೆನ್ನಲಾರರು. ಚರ್ಮ ಮುಟ್ಟದ ಮನೆಯ ಮಗ ವಾಯುಭಾರದ ಪಾಠಕ್ಕೆ ಹತ್ತಕ್ಕೆ ಹತ್ತು ಅಂಕ ತೆಗೆದು, ಪಂಪಿಗೆ ನೀರು ಏಕೆ ಹತ್ತಲಿಲ್ಲ ಎಂದು ಕೇಳಿದರೆ ಮೆಕ್ಯಾನಿಕ್‌ನನ್ನು ಕರೆಯಲು ಓಡುತ್ತಾನೆ. ಒಬ್ಬನ ಬಳಿ ಹದವಿದೆ, ಲೆಕ್ಕವಿಲ್ಲ. ಇನ್ನೊಬ್ಬನ ಬಳಿ ಲೆಕ್ಕವಿದೆ, ಹದವಿಲ್ಲ. ಒರೆ ಆಗುವುದು ಎರಡೂ ಕೂಡಿದಾಗ.

ಕೂಡಲು ದಾರಿಗಳಿಲ್ಲದಿಲ್ಲ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 1948ರಿಂದ ಇದೆ. ಚರ್ಮ ತಂತ್ರಜ್ಞಾನ ಇಂದು ಎಂಜಿನಿಯರಿಂಗ್ ಪದವಿಯ ವಿಷಯ. ಕರ್ನಾಟಕದಲ್ಲಿ ಚರ್ಮ ಕೈಗಾರಿಕೆಗಾಗಿಯೇ 1976ರಲ್ಲಿ ಹುಟ್ಟಿದ ಸರ್ಕಾರಿ ನಿಗಮ ಲಿಡ್ಕರ್ ಇದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಯನ್ನು ಮಿಲಾನ್‌ನಲ್ಲಿ ಪ್ರದರ್ಶಿಸಿದಾಗ ದೊಡ್ಡ ಗದ್ದಲವೆದ್ದು, ಅದರ ಮೂಲ ಭಾರತದ್ದೆಂದು ಕಂಪನಿ ಒಪ್ಪಿಕೊಳ್ಳಬೇಕಾಯಿತು. ಆ ಚಪ್ಪಲಿಯ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಪಾಲೂ ಇದೆ. ದೂರದವರಿಗೆ ಬೆಲೆ ಕಂಡದ್ದು ಹತ್ತಿರದವರಿಗೆ ಕಾಣದೇ ಹೋಗಬಾರದಲ್ಲವೆ?

ಗಾಳಿಯಿಂದ ಒತ್ತುವ ಈ ವಿದ್ಯೆ ಪಿಸ್ತೂಲಿಗೇ ಮೀಸಲೂ ಅಲ್ಲ. ಕನ್ನಡಕದ ಡಬ್ಬಿ, ಅಳತೆ ಪಟ್ಟಿಯ ಕವಚ, ಅಡಿಕೆ ತೋಟದ ಕುಡುಗೋಲಿನ ಒರೆ - ಅಚ್ಚು ಬದಲಿಸಿದರೆ ವಸ್ತು ಬದಲು. ಅಲಗನ್ನು ಬರಿದೇ ಸೊಂಟಕ್ಕೆ ಸಿಕ್ಕಿಸಿಕೊಂಡು ಮರ ಹತ್ತುವವನಿಗೆ ಸರಿಯಾಗಿ ಕೂರುವ ಒರೆ ಎಷ್ಟು ದೊಡ್ಡ ರಕ್ಷಣೆ!

ವಿದ್ಯಾರ್ಥಿಗಳು ಪಂಪಿಲ್ಲದೆಯೂ ಮನೆಯಲ್ಲಿ ಹಿರಿಯರ ಎದುರು ಒಂದು ಪ್ರಯೋಗ ಮಾಡಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಆಟಿಕೆ ಕಾರನ್ನು ಇಟ್ಟು, ಬಾಯಿಗೆ ಎಳನೀರು ಕುಡಿಯುವ ಕೊಳವೆ ಸೇರಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಕೊಳವೆಯಿಂದ ಗಾಳಿಯನ್ನು ಹೀರಿ. ಚೀಲ ಕಾರನ್ನು ತಬ್ಬಿ, ಚಕ್ರದ ಅಚ್ಚೂ ಮೂಡುತ್ತದೆ. ಚೀಲವನ್ನು ಮುಖದ ಹತ್ತಿರ ತರಬೇಡಿ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಆಮೇಲೆ ತಂಗಿಯನ್ನೋ ತಮ್ಮನನ್ನೋ ಕೇಳಿ: ಚೀಲವನ್ನು ಒಳಗೆ ಎಳೆದವರು ಯಾರು? "ನೀನೇ" ಎಂದರೆ ಪಾಠ ಮತ್ತೆ ಮೊದಲಿನಿಂದ ಆಗಬೇಕು.

ಪಾಠ ಮುಗಿದ ಮೇಲೆ ಇನ್ನೊಂದು ಕೆಲಸ ಬಾಕಿಯಿದೆ. ಹರಿದ ಚಪ್ಪಲಿಯನ್ನು ಹೊಲಿಸಲು ಹೋದಾಗ ಹಣ ಕೊಟ್ಟು ತಿರುಗಿ ಬರಬೇಡಿ. ಐದು ನಿಮಿಷ ಅಲ್ಲೇ ನಿಂತು, ಚರ್ಮವನ್ನು ಎಷ್ಟು ನೆನೆಸಿದರು, ಯಾವಾಗ ಒತ್ತಿದರು ಎಂದು ನೋಡಿ. ಪುಸ್ತಕದಲ್ಲಿ ಇಲ್ಲದ ಅರ್ಧ ಪಾಠ ಅಲ್ಲಿದೆ.